ಚರ್ಚ್ ಸಭೆ ಬಿಟ್ಟು ಬೇರೆ ಸೇವೆಗೆ ಹೋದರೆ ದೇವರ ಕರೆಗೆ ತಪ್ಪಿದ ಹಾಗಾ?

20 ವರ್ಷ ಪಾಸ್ಟರ್ ಆಗಿದ್ದು ಈಗ ಪಾಠ, ಬರವಣಿಗೆ ಅಂತ ಹೋದರೆ ತಪ್ಪಾ ಅಂತ ಕೇಳಿದ್ದೀರಿ. ಇಲ್ಲ ಕಣ್ರೀ. ಜರ್ಮನಿಯ ಹರ್ಮನ್ ಮೋಗ್ಲಿಂಗರನ್ನೇ ನೋಡಿ: 1836ರಲ್ಲಿ ಬಾಸೆಲ್ ಮಿಶನ್ ಪಾದ್ರಿಯಾಗಿ ಬಂದವರು, ಮಂಗಳೂರಲ್ಲಿ ಹುಡುಗರಿಗೆ ಪಾಠ ಹೇಳಿದರು, 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, ಹಳೇ ಕಾವ್ಯ ಅಚ್ಚು ಹಾಕಿಸಿದರು, ಆಮೇಲೆ ಕೊಡಗಿಗೆ ಹೋದರು. ಅದೇ ಮಿಶನ್ನಿನ ಕಿಟೆಲ್ ಅಂತೂ ಕನ್ನಡ-ಇಂಗ್ಲಿಷ್ ನಿಘಂಟಿಗೇ ಕೂತುಬಿಟ್ಟರು. ಅದು 1894ರಲ್ಲಿ ಹೊರಬಂದಾಗ ಅವರಿಗೆ ಅರವತ್ತು ದಾಟಿತ್ತು.

ನಿಜವಾದ ಕಷ್ಟ ಕರೆಯದ್ದಲ್ಲ, ಮನೆಯದ್ದು. ಸಭೆ ಕೊಟ್ಟ ಮನೆಯಲ್ಲಿದ್ದರೆ ಕೆಲಸದ ಜೊತೆ ಬೀಗದ ಕೈಯನ್ನೂ ವಾಪಸ್ ಕೊಡಬೇಕು, ಅಲ್ವಾ? ಬಾಡಿಗೆ ಮನೆ, ಮಕ್ಕಳ ಶಾಲೆ ಮೊದಲು ನೋಡಿಕೊಳ್ಳಿ. ಹಳೇ ಸಭೆಯವರು ಮದುವೆ ಮಾಡಿಸೋಕೆ ಕರೆದರೆ ಸುಮ್ನೆ ಒಪ್ಪಬೇಡಿ, ಹೊಸ ಪಾಸ್ಟರನ್ನು ಕೇಳಿ ಹೋಗಿ.