ಎರಡನೇ ಬ್ಯಾಕಪ್ ಮೊದಲನೆಯದನ್ನು ಅಳಿಸಿದ್ದಕ್ಕೆ ಕಾರಣ ಎಸ್‌ಟಿ0

ಡೆಬಿಯನ್ ಲಿನಕ್ಸಿನಲ್ಲಿ ಟಾರ್ (ಫೈಲುಗಳನ್ನು ಒಟ್ಟುಗೂಡಿಸಿ ಬರೆಯುವ ಆಜ್ಞೆ) ಬಳಸಿ ಎಲ್‌ಟಿಒ ಅನ್ನುವ ಬ್ಯಾಕಪ್ ಟೇಪಿಗೆ ಎರಡು ಬ್ಯಾಕಪ್ ಬರೆದೆ, ಎರಡನೆಯದು ಮಾತ್ರ ಉಳಿದಿದೆ ಅಂದಿದ್ದೀರಿ. ಡ್ರೈವ್ ಕೆಟ್ಟಿಲ್ಲ, ಗಾಬರಿ ಬೇಡ. ಟೇಪ್ ಡ್ರೈವಿಗೆ ಲಿನಕ್ಸ್ ಕೊಡುವ ಹೆಸರುಗಳಲ್ಲಿ ನೀವು ಬಳಸಿದ /ಡೆವ್/ಎಸ್‌ಟಿ0 ಕೆಲಸ ಮುಗಿದ ಕೂಡಲೇ ಟೇಪನ್ನು ತಾನಾಗಿಯೇ ಶುರುವಿಗೆ ಸುತ್ತಿಬಿಡುತ್ತದೆ. ಹಾಗಾಗಿ ಎರಡನೇ ಬ್ಯಾಕಪ್ ಮೊದಲನೆಯದರ ಮೇಲೆಯೇ ಕೂತಿದೆ. ಅದೇ ಡ್ರೈವಿಗೆ /ಡೆವ್/ಎನ್‌ಎಸ್‌ಟಿ0 ಅಂತ ಇನ್ನೊಂದು ಹೆಸರಿದೆ. ಅದರಲ್ಲಿ ಬರೆದರೆ ಟೇಪ್ ನಿಂತಲ್ಲೇ ನಿಲ್ಲುತ್ತದೆ. ಇನ್ನು ಮುಂದೆ ಅದನ್ನೇ ಬಳಸಿ.

ಬರೆಯುವ ಮುಂಚೆ, ಟೇಪನ್ನು ಮುಂದೆ ಹಿಂದೆ ಓಡಿಸುವ ಎಮ್‌ಟಿ ಆಜ್ಞೆಯನ್ನು ಹೀಗೆ ಕೊಡಿ:

ಎಮ್‌ಟಿ -ಎಫ್ /ಡೆವ್/ಎನ್‌ಎಸ್‌ಟಿ0 ಇಒಡಿ

ಇಒಡಿ ಅಂದರೆ ಬರಹದ ಕೊನೆ. ಟೇಪ್ ಕೊನೆಯ ಬರಹ ದಾಟಿ ನಿಲ್ಲುತ್ತದೆ. ಆಮೇಲೆ ಇಒಡಿ ಜಾಗದಲ್ಲಿ ಸ್ಟೇಟಸ್ ಅಂತ ಹಾಕಿ ನೋಡಿ. ಒಂದು ಬ್ಯಾಕಪ್ ಇರುವ ಟೇಪಿನಲ್ಲಿ ಫೈಲ್ ನಂಬರ್ 1 ಬರಬೇಕು. 0 ಬಂದರೆ ಟೇಪ್ ಇನ್ನೂ ಮೊದಲ ಬ್ಯಾಕಪ್ಪಿನ ಜಾಗದಲ್ಲೇ ಇದೆ ಅಂತ, ದಯವಿಟ್ಟು ಬರೆಯಲೇಬೇಡಿ. ಟೇಪಿನಲ್ಲಿ ಎಲ್ಲಿ ಬರೆಯುತ್ತೀರೋ ಅಲ್ಲಿಂದ ಮುಂದಿನದೆಲ್ಲ ಹೋದ ಹಾಗೆಯೇ. ಡ್ರೈವ್ ಅದನ್ನು ಮತ್ತೆ ಓದಿಕೊಡುವುದಿಲ್ಲ. ನಿಮ್ಮ ಮೊದಲ ಬ್ಯಾಕಪ್ ಈಗಲೇ ಇನ್ನೊಮ್ಮೆ ಮಾಡಿಬಿಡಿ.

ರೀಬೂಟ್ ಆದಾಗ ಎರಡು ಡ್ರೈವ್‌ಗಳ ನಂಬರ್ (ಹೆಸರಿನ ಕೊನೆಯ 0, 1) ಅದಲುಬದಲಾಗುವುದನ್ನೂ ಕೇಳಿದ್ದಿರಿ. ಅದು ಮಾಮೂಲಿ. ಯಾವುದು ಯಾವ ಡ್ರೈವ್ ಅಂತ ಎಲ್‌ಎಸ್‌ಎಸ್‌ಸಿಎಸ್‌ಐ ಆಜ್ಞೆ ತೋರಿಸುತ್ತದೆ. ಆದರೆ ಸ್ಕ್ರಿಪ್ಟಿನಲ್ಲಿ ನಂಬರ್ ನಂಬಬೇಡಿ. /ಡೆವ್/ಟೇಪ್/ಬೈ-ಐಡಿ ಒಳಗೆ ಸೀರಿಯಲ್ ನಂಬರ್ ಸೇರಿದ ಹೆಸರುಗಳಿರುತ್ತವೆ. ಅವುಗಳಲ್ಲಿ -ಎನ್‌ಎಸ್‌ಟಿ ಅಂತ ಮುಗಿಯುವುದನ್ನು ಹಾಕಿ.

ಇನ್ನೊಂದು ಮಾತು. ಟಾರ್ ಸುಮ್ನೆ ಬಿಟ್ಟರೆ 10 ಕೆಬಿ ತುಂಡುಗಳಲ್ಲಿ ಬರೆಯುತ್ತದೆ. ಎಲ್‌ಟಿಒಗೆ ಅದು ತೀರಾ ಚಿಕ್ಕದು. ಟಾರ್‌ಗೆ -ಬಿ 512 ಕೊಟ್ಟರೆ ತುಂಡು 256 ಕೆಬಿ ಆಗುತ್ತದೆ. ಓದುವಾಗಲೂ ಅದೇ ಸಂಖ್ಯೆ ಕೊಡಿ.