ದಿನಾ ಒರೆಸೋ ಕಾರಿಗೆ ಎಷ್ಟು ವ್ಯಾಕ್ಸ್ ಹಚ್ಚಿದರೂ ಅಷ್ಟೇ

ಪ್ರಶ್ನೆ: ನಮ್ಮದು ಎರಡು ವರ್ಷದ ಕಪ್ಪು ಕಾರು. ಯಲಹಂಕದಲ್ಲಿ ಅಪಾರ್ಟ್‌ಮೆಂಟ್, ಹೊಂಗೆ ಮರದ ಕೆಳಗೆ ಪಾರ್ಕಿಂಗ್. ದಿನಾ ಬೆಳಗ್ಗೆ ಒಬ್ಬರು ಬಂದು ಒರೆಸುತ್ತಾರೆ. ಆದರೂ ಹೊಳಪು ಹೋಗಿದೆ. ಸರ್ವಿಸ್ ಸೆಂಟರ್‌ನವರು ಪ್ರತಿ ಸರ್ವಿಸ್‌ಗೂ 'ವ್ಯಾಕ್ಸ್ ಪಾಲಿಶ್' ಮಾಡಿಸಿ ಅಂತಾರೆ. ನಿಜವಾಗಿ ಎಷ್ಟು ತಿಂಗಳಿಗೊಮ್ಮೆ ಬೇಕು?

ಉತ್ತರ: ಊರು ಬೇರೆ, ಕಾರಿನ ಬಣ್ಣ ಬೇರೆ, ಪತ್ರ ಮಾತ್ರ ಇದೇ. ಬರ್ತಾನೇ ಇರುತ್ತೆ. ದಿನಾ ಒರೆಸಿದರೂ ಹೊಳಪು ಹೋಯ್ತು ಅಂತೀರಿ. ದಿನಾ ಒರೆಸಿದ್ದಕ್ಕೇ ಹೋಗಿದ್ದು.

ನಾಳೆ ಬೆಳಗ್ಗೆ ಕೆಳಗಿಳಿದು ಸ್ವಲ್ಪ ನಿಂತು ನೋಡಿ. ಅರ್ಧ ಬಕೆಟ್ ನೀರು, ಒಂದೇ ಬಟ್ಟೆ, ಸಾಲಾಗಿ ಹತ್ತಾರು ಕಾರು. ನಿಮ್ಮ ಕಾರಿನ ಸರದಿ ಬರೋ ಹೊತ್ತಿಗೆ ಬಕೆಟ್ ನೀರು ಕೆಸರಾಗಿರುತ್ತೆ. ಬಾನೆಟ್ ಮೇಲೆ ರಾತ್ರಿಯಿಡೀ ಕೂತ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅದರ ಮೇಲೇ ಬಟ್ಟೆ ಒತ್ತಿ ಗುಂಡಗೆ ತಿರುಗಿಸಿದರೆ ಏನಾಗುತ್ತೆ? ರಾತ್ರಿ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬೆಳಕಿನ ಸುತ್ತ ಸಣ್ಣ ಸಣ್ಣ ಗೀರುಗಳು ಸುತ್ತಿಕೊಂಡಿರೋದು ಕಾಣುತ್ತೆ. ಕಪ್ಪು ಕಾರಿನಲ್ಲಂತೂ ಮುಚ್ಚಿಡೋ ಹಾಗೇ ಇಲ್ಲ. ಒರೆಸುವವರನ್ನು ಬೈಬೇಡಿ. ತಿಂಗಳಿಗೆ ನಾವು ಕೊಡೋ ಆ ನಾಲ್ಕು ಕಾಸಿಗೆ, ಆ ಅರ್ಧ ಬಕೆಟ್‌ನಲ್ಲಿ ಅವರು ಇನ್ನೇನು ಮಾಡಿಯಾರು? ವಾರಕ್ಕೆ ಎರಡೇ ದಿನ ಸಾಕು, ಆದರೆ ಮೊದಲು ಚೆನ್ನಾಗಿ ನೀರು ಸುರಿದು ಧೂಳು ಇಳಿಸಿ ಅಂತ ಹೇಳಿ. ನಿಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿ. ಬೋರ್‌ವೆಲ್ ನೀರಾದರೆ ಆರೋಕೆ ಬಿಡದೆ ಕೂಡಲೇ ಒರೆಸಬೇಕು. ಇಲ್ಲದಿದ್ದರೆ ನೀರಿನಲ್ಲಿರೋ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಕೂತುಬಿಡುತ್ತೆ.

ಇನ್ನು 'ವ್ಯಾಕ್ಸ್ ಪಾಲಿಶ್'. ಇವು ಎರಡು ಬೇರೆ ಬೇರೆ ಕೆಲಸ. ವ್ಯಾಕ್ಸ್ ಪೇಂಟಿನ ಮೇಲೆ ಒಂದು ತೆಳು ಪದರ ಬಿಡುತ್ತೆ. ಪಾಲಿಶ್ ಪೇಂಟನ್ನೇ ಸವೆಸುತ್ತೆ. ನಿಮ್ಮ ಕಾರಿನ ಬಣ್ಣದ ಮೇಲಿರೋ ಕ್ಲಿಯರ್ ಕೋಟ್, ಅಂದ್ರೆ ಬಣ್ಣವಿಲ್ಲದ ಪಾರದರ್ಶಕ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ. ತಲೆಗೂದಲು ಇದಕ್ಕಿಂತ ದಪ್ಪ. ಬಿಸಿಲಿನಿಂದ ಬಣ್ಣ ಕಾಯೋದು ಇದೇ. ಪ್ರತಿ ಸರ್ವಿಸ್‌ಗೂ ಮೆಷಿನ್ನಿನಲ್ಲಿ ಕಾಂಪೌಂಡ್ (ಪೇಂಟ್ ಸವೆಸೋ ಪೇಸ್ಟ್) ಹಾಕಿ ಉಜ್ಜಿದರೆ ಪ್ರತಿ ಸಲ ಒಂದಿಷ್ಟು ಹೋಗುತ್ತೆ. ಮನೆಗೆ ತಂದ ದಿನ ಕನ್ನಡಿ ಥರ ಹೊಳೆಯುತ್ತೆ, ಒಪ್ಪಿದೆ. ಕೆಲವು ವರ್ಷ ಬಿಟ್ಟು ಟಾಪ್ ಮೇಲೆ, ಬಾನೆಟ್ ಮೇಲೆ ಬೆಳ್ಳಗೆ ಸಿಪ್ಪೆ ಏಳುತ್ತೆ ನೋಡಿ, ಆಗ ಯಾವ ವ್ಯಾಕ್ಸೂ ಕೆಲಸಕ್ಕೆ ಬರಲ್ಲ, ಪೇಂಟೇ ಹೊಡೆಸಬೇಕು. ಬಿಲ್ ಮಾಡೋ ಮೊದಲೇ ಕೇಳಿ: ಹಚ್ಚೋದು ವ್ಯಾಕ್ಸಾ, ಕಾಂಪೌಂಡಾ? ಉತ್ತರ ತಡವರಿಸಿದರೆ ಬೇಡ ಅನ್ನಿ. ಈಗಿರೋ ಗೀರು ತೆಗೆಸೋಕೆ ಒಮ್ಮೆ ಪಾಲಿಶ್ ಮಾಡಿಸಿ, ತಪ್ಪಿಲ್ಲ. ಅದೂ ಒರೆಸೋ ಪದ್ಧತಿ ಬದಲಾದ ಮೇಲೆ.

ಈಗ ನೀವು ಕೇಳಿದ ತಿಂಗಳ ಲೆಕ್ಕ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರೋದು. ನಮ್ಮ ಬಿಸಿಲಿಗೆ ಒಂದೂವರೆ, ಎರಡು ತಿಂಗಳು ನಿಂತರೆ ಹೆಚ್ಚು. ಸಿಂಥೆಟಿಕ್ ಸೀಲೆಂಟ್, ಅಂದ್ರೆ ಕೃತಕ ವ್ಯಾಕ್ಸ್ ಅನ್ನಿ, ನಾಲ್ಕರಿಂದ ಆರು ತಿಂಗಳು ಬರುತ್ತೆ. ಬಯಲಲ್ಲಿ ನಿಲ್ಲೋ ಕಾರಿಗೆ ನಾನು ಹೇಳೋದು ಸೀಲೆಂಟ್, ವರ್ಷಕ್ಕೆ ಮೂರು ಸಲ: ಬಿಸಿಲು ಏರೋ ಮೊದಲು ಫೆಬ್ರವರಿಯಲ್ಲಿ, ಮಳೆಗೆ ಮೊದಲು ಮೇ ಕೊನೆಗೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ. ಬೇಸ್‌ಮೆಂಟ್‌ನಲ್ಲಿ ನಿಲ್ಲೋದಾದರೆ ಎರಡು ಸಲ ಸಾಕು. ನಡುವೆ ಅನುಮಾನ ಬಂದರೆ ತೊಳೆದ ಕಾರಿನ ಮೇಲೆ ಒಂದು ಮಗ್ ನೀರು ಹಾಕಿ. ಹನಿಹನಿಯಾಗಿ ಉರುಳಿದರೆ ವ್ಯಾಕ್ಸ್ ಇನ್ನೂ ಇದೆ. ಹಾಳೆಯ ಹಾಗೆ ಹರಡಿ ಕೂತರೆ ಹೋಗಿದೆ. ಹಚ್ಚೋ ಕ್ರಮ ಡಬ್ಬದ ಮೇಲೇ ಇರುತ್ತೆ, ಓದಿ. ನನ್ನದೊಂದೇ ಮಾತು: ಬಿಸಿಲಲ್ಲಿ ಹಚ್ಚಬೇಡಿ, ದಪ್ಪ ಹಚ್ಚಬೇಡಿ.

ಹೊಂಗೆ ಮರದ ಹೂವು ಬಿಡಿ, ಊದಿದರೆ ಹೋಗುತ್ತೆ. ಅಲ್ಲಿ ಕೂರೋ ಹಕ್ಕಿಗಳದ್ದೇ ಕಾಟ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತೆ, ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿರುತ್ತೆ. ಎರಡೂ ಸೇರಿದರೆ ಸಂಜೆ ಹೊತ್ತಿಗೆ ಗುರುತು ಉಳಿದುಬಿಡುತ್ತೆ. ವ್ಯಾಕ್ಸ್ ಇದ್ದರೆ ನಿಮಗೆ ಒಂದಿಷ್ಟು ಗಂಟೆ ಸಿಗುತ್ತೆ, ಅಷ್ಟೇ. ಡಿಕ್ಕಿಯಲ್ಲಿ ಒಂದು ಸ್ಪ್ರೇ ಬಾಟಲಿ ನೀರು ಇಡಿ. ನೆನೆಸಿ, ಐದು ನಿಮಿಷ ಬಿಟ್ಟು, ಎತ್ತಿ ತೆಗೆಯಿರಿ. ಉಗುರಲ್ಲಿ ಕೆರೆಯೋರಿಗೆ ನಾನೇನೂ ಹೇಳಲ್ಲ.

ಪ್ರಶ್ನೆ: ಗೀರಿಗೆ ಟೂತ್‌ಪೇಸ್ಟ್ ಹಚ್ಚಬಹುದಾ?

ಉತ್ತರ: ಹಲ್ಲಿಗೆ ಹಚ್ಚಿ.

ಪ್ರಶ್ನೆ: ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಫಳಫಳ ಅನ್ನುತ್ತಲ್ಲ?

ಉತ್ತರ: ಸಂಜೆವರೆಗೆ. ಆಮೇಲೆ ರಸ್ತೆಯ ಧೂಳೆಲ್ಲ ಅದಕ್ಕೇ ಅಂಟುತ್ತೆ.

ಪ್ರಶ್ನೆ: ಶೋರೂಮ್‌ನಲ್ಲಿ ಟೆಫ್ಲಾನ್ ಕೋಟಿಂಗ್ ಮಾಡಿಸಿ ಅಂತಿದ್ದಾರೆ. ಇಲ್ಲಾಂದ್ರೆ 9ಎಚ್ ಸೆರಾಮಿಕ್ ಅಂತೆ, ಕಲ್ಲು ಬಿದ್ದರೂ ಗೀರಾಗಲ್ಲವಂತೆ.

ಉತ್ತರ: ದೋಸೆ ಕಾವಲಿಗೆ ಟೆಫ್ಲಾನ್ ಅಂಟೋದು 300 ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ. ನಿಮ್ಮ ಕಾರನ್ನು ಅಷ್ಟು ಕಾಯಿಸಿದರೆ ಬಂಪರ್ ಮೊದಲು ಕರಗುತ್ತೆ. ಅವರು ಹಚ್ಚೋದು ದುಬಾರಿ ವ್ಯಾಕ್ಸ್, ಅಷ್ಟೇ. ಸೆರಾಮಿಕ್ ಕೆಲಸಕ್ಕೆ ಬರುತ್ತೆ, ಒಂದೆರಡು ವರ್ಷ ತೊಳೆಯೋದು ಸುಲಭ ಆಗುತ್ತೆ. ಆದರೆ 9ಎಚ್ ಅನ್ನೋದು ಪೆನ್ಸಿಲ್ ಗೀಚಿ ನೋಡೋ ಪರೀಕ್ಷೆಯ ಲೆಕ್ಕ. ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಮುದ್ರದ ಹತ್ತಿರ ಮನೆ. ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ತುಕ್ಕು ನಿಲ್ಲುತ್ತದಾ?

ಉತ್ತರ: ಇಲ್ಲ ಮಾರಾಯ್ರೆ. ತುಕ್ಕು ಶುರುವಾಗೋದು ಕೆಳಗಿನಿಂದ. ಡೋರಿನ ತಳದಲ್ಲಿ ನೀರು ಹೋಗೋ ಸಣ್ಣ ತೂತುಗಳಿರುತ್ತವೆ, ಅವು ಮಣ್ಣು ಕಟ್ಟಿರದ ಹಾಗೆ ನೋಡಿಕೊಳ್ಳಿ. ಅಡಿಭಾಗಕ್ಕೆ ವಾರಕ್ಕೊಮ್ಮೆ ಸಿಹಿನೀರು ಹೊಡೆಸಿ. ಒದ್ದೆ ಕಾರಿಗೆ ಕವರ್ ಹಾಕಬೇಡಿ.

ಪ್ರಶ್ನೆ: ಆಕ್ಸಿಡೆಂಟ್ ಆಗಿ ಬಾನೆಟ್‌ಗೆ ಹೊಸ ಪೇಂಟ್ ಹೊಡೆಸಿದ್ದೇವೆ. ಅವತ್ತೇ ವ್ಯಾಕ್ಸ್ ಹಚ್ಚಬಹುದಾ?

ಉತ್ತರ: ಬೇಡ. ಫ್ಯಾಕ್ಟರಿಯಲ್ಲಿ ಪೇಂಟನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿರುತ್ತಾರೆ, ಗ್ಯಾರೇಜಿನಲ್ಲಿ 60 ಆದರೆ ಜಾಸ್ತಿ. ಒಳಗಿನ ಥಿನ್ನರ್ ನಿಧಾನಕ್ಕೆ ಹೊರಗೆ ಬರುತ್ತಿರುತ್ತೆ. ಕಡಿಮೆ ಅಂದ್ರೂ ಒಂದು ತಿಂಗಳು ಬಿಡಿ, ಎರಡಾದರೆ ಒಳ್ಳೇದು. ಅಲ್ಲಿವರೆಗೆ ನೆರಳಲ್ಲಿ ನಿಲ್ಲಿಸಿ, ಬರೀ ನೀರಲ್ಲಿ ತೊಳೆಯಿರಿ.