ಎರಡು ಹೋಳಿಗೆಗೇ ಸುಸ್ತು, ಮೈ ನಾಜೂಕಾಯಿತಾ?

ಪ್ರಶ್ನೆ: ನನಗೆ 41 ವರ್ಷ, ದಾವಣಗೆರೆಯಲ್ಲಿ ಶಿಕ್ಷಕಿ. ಮೊದಲು ದಿನಕ್ಕೆ ಆರು ಟೀ ಕುಡಿಯುತ್ತಿದ್ದೆ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಜೊತೆಗೆ ಬಿಸ್ಕತ್ತು, ಸಂಜೆ ಮಂಡಕ್ಕಿ-ಮಿರ್ಚಿ, ರಾತ್ರಿ ಹತ್ತೂವರೆಗೆ ಊಟ. ಮೂರು ತಿಂಗಳಿಂದ ಎಲ್ಲ ಬದಲಾಯಿಸಿದ್ದೇನೆ. ಮಧ್ಯಾಹ್ನ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು. ರಾತ್ರಿ ಎಂಟಕ್ಕೆ ಮುದ್ದೆ-ಸಾರು. ಟೀ ಎರಡೇ. ಆದರೆ ಈಗ ಹನ್ನೆರಡೂವರೆ ಆಗುತ್ತಿದ್ದಂತೆ ಹೊಟ್ಟೆ ಚುರುಗುಟ್ಟುತ್ತದೆ, ಪಾಠ ಮಾಡಲು ಆಗುವುದಿಲ್ಲ. ಪ್ಯಾಕೆಟ್ ಚಿಪ್ಸ್ ಬರೀ ಉಪ್ಪು ಅನ್ನಿಸುತ್ತದೆ. ಮೊನ್ನೆ ಮದುವೆಯಲ್ಲಿ ಎರಡು ಹೋಳಿಗೆ, ಬಜ್ಜಿ, ಪಲಾವ್ ತಿಂದೆ. ಸಂಜೆವರೆಗೂ ಹೊಟ್ಟೆ ಭಾರ, ಕಣ್ಣು ಎಳೆಯುತ್ತಿತ್ತು, ರಾತ್ರಿ ಬಾಯಾರಿಕೆ. "ಅದು ಬಿಟ್ಟೆ, ಇದು ಬಿಟ್ಟೆ ಅಂತ ಮೈ ನಾಜೂಕು ಮಾಡಿಕೊಂಡೆ" ಅಂತಾರೆ ಅತ್ತೆ. ನಿಜವಾ ಮೇಡಂ?

ಉತ್ತರ: ಮೂರು ತಿಂಗಳ ಹಿಂದೆ ಇದೇ ಮದುವೆ ಊಟ ಉಂಡಿದ್ದರೆ ಹೊಟ್ಟೆ ಆಗಲೂ ಭಾರವೇ ಆಗುತ್ತಿತ್ತು. ಆದರೆ ದಿನಾ ಹತ್ತೂವರೆಗೆ ಉಂಡು ಮಲಗುವವರಿಗೆ ಭಾರ ಅನ್ನೋದು ಮಾಮೂಲಿ, ಅಲ್ವಾ? ಹೋಲಿಸಿ ನೋಡಲು ಹಗುರಾದ ದಿನವೇ ಇರುವುದಿಲ್ಲ. ಈಗ ನಿಮ್ಮ ಹತ್ತಿರ ಸುಮಾರು ತೊಂಬತ್ತು ಹಗುರಾದ ದಿನಗಳಿವೆ. ಅವುಗಳ ನಡುವೆ ಒಂದು ಭಾರದ ದಿನ ಎದ್ದು ಕಂಡಿದೆ.

ಅತ್ತೆಯವರ ಮಾತಲ್ಲೂ ಸ್ವಲ್ಪ ನಿಜ ಇದೆ. ಜಿಡ್ಡಿನ ಊಟ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ದಿನಾ ಜಿಡ್ಡು ತಿನ್ನುವವರ ಹೊಟ್ಟೆ ಒಂದೆರಡು ವಾರದಲ್ಲೇ ಅದಕ್ಕೆ ಒಗ್ಗಿಕೊಂಡು ಸ್ವಲ್ಪ ಬೇಗ ಇಳಿಸುತ್ತದೆ. ನಿಮಗೆ ಆ ರೂಢಿ ತಪ್ಪಿದೆ ಅಷ್ಟೇ, ಅರಗಿಸುವ ಶಕ್ತಿ ಹೋಗಿಲ್ಲ. ರಾತ್ರಿ ಬಾಯಾರಿಕೆ ಆಗಲು ಬಜ್ಜಿ-ಪಲಾವಿನ ಉಪ್ಪೇ ಸಾಕು.

ಇನ್ನು ಹನ್ನೆರಡೂವರೆಯ ಹಸಿವು. ಇದನ್ನು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಬಂದು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣುವವರಲ್ಲಿ ಅದೂ ಹೊತ್ತು ಕಲಿತುಕೊಳ್ಳುತ್ತದೆ. ಮೊದಲು ನಿಮಗೆ ಟೀಯಲ್ಲೇ ದಿನಕ್ಕೆ ಹನ್ನೆರಡು ಚಮಚ ಸಕ್ಕರೆ ಹೋಗುತ್ತಿತ್ತು, ಮೇಲೆ ಬಿಸ್ಕತ್ತು. ಹಸಿವು ಏಳುವ ಮೊದಲೇ ಅದರ ಬಾಯಿ ಮುಚ್ಚಿಸುತ್ತಿದ್ದಿರಿ.

"ನನಗೆ ಹಸಿವೇ ಆಗಲ್ಲ" ಅನ್ನುವವರು ನನ್ನ ಹತ್ತಿರ ಬಹಳ ಜನ ಬರುತ್ತಾರೆ. ಒಂದು ದಿನ ತಿಂದದ್ದು, ಕುಡಿದದ್ದು ಎಲ್ಲ ಬರೆದುಕೊಂಡು ಬನ್ನಿ ಅಂತೀನಿ. ಆ ಚೀಟಿ ನೋಡಿದರೆ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಬಾಯಿಗೆ ಎರಡು ಗಂಟೆ ಬಿಡುವು ಇರುವುದಿಲ್ಲ!

ಪಾಠದ ಹೊತ್ತಿಗೆ ಹಸಿವು ತಡೆಯಲು ಬೆಳಗಿನ ತಿಂಡಿ ನೋಡಿಕೊಳ್ಳಿ. ಬರೀ ಅವಲಕ್ಕಿ, ಉಪ್ಪಿಟ್ಟು ಬೇಗ ಕರಗುತ್ತದೆ. ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಮೊಳಕೆ ಕಾಳು ಇರಲಿ. ಶಾಲೆಯ ಸಣ್ಣ ಬಿಡುವಿನಲ್ಲಿ ಒಂದು ಹಿಡಿ ಹುರಿಗಡಲೆ ಸಾಕು. ಹಸಿವನ್ನು ಸುಮ್ನೆ ಕೂರಿಸಲು ಮತ್ತೆ ಟೀಗೆ ಹೋಗಬೇಡಿ.

ನಮ್ಮ ಮಾತಿನಲ್ಲೇ ಹಸಿವು ಬೇರೆ, ಬಾಯಿ ಚಪಲ ಬೇರೆ. ಹಸಿವಾದವರಿಗೆ ಅನ್ನ-ಸಾರು ಸಿಕ್ಕರೂ ಆದೀತು ಅನ್ನಿಸುತ್ತದೆ. ಚಪಲಕ್ಕೆ ಮಿರ್ಚಿಯೇ ಬೇಕು. ಸಂಜೆ ಐದಕ್ಕೆ ಇದೊಂದನ್ನು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಬೇಗ ಸಿಗುತ್ತದೆ.

ಚಿಪ್ಸ್ ವಿಷಯ ಸರಳ. ಉಪ್ಪು ಕಡಿಮೆ ಮಾಡಿದ ಎರಡು-ಮೂರು ತಿಂಗಳಲ್ಲಿ ನಾಲಿಗೆ ಕಡಿಮೆ ಉಪ್ಪಿಗೇ ಒಗ್ಗುತ್ತದೆ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದಲ್ಲೇ ಬರುತ್ತದೆ.

ಹೊಟ್ಟೆ ತುಂಬಿದ ಸುದ್ದಿ ಮಾತ್ರ ನಿಧಾನ. ಹೊಟ್ಟೆ ಹಿಗ್ಗಿದ್ದನ್ನು ವೇಗಸ್ ಅನ್ನೋ ನರ ಮಿದುಳಿಗೆ ಹೇಳುತ್ತದೆ, ಕರುಳಿನ ಹಾರ್ಮೋನುಗಳೂ ದನಿಗೂಡಿಸುತ್ತವೆ. ಇದೆಲ್ಲ ಸರಿಯಾಗಿ ತಿಳಿಯಲು ಸುಮಾರು 20 ನಿಮಿಷ ಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಅಲ್ಲೇ ಇರಿಸಿಕೊಂಡು ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಅಂದರು. ರುಚಿ ಎರಡರದ್ದೂ ಹೆಚ್ಚುಕಡಿಮೆ ಒಂದೇ ಅಂದವರು, ಫ್ಯಾಕ್ಟರಿ ತಿನಿಸನ್ನು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು. ತಿಂದ ವೇಗವೂ ಜಾಸ್ತಿ. ಅಗಿಯುವ ಕೆಲಸ ಇಲ್ಲದ ತಿನಿಸು ಸುದ್ದಿ ಮುಟ್ಟುವ ಮೊದಲೇ ಒಳಗೆ ಸೇರಿಬಿಡುತ್ತದೆ. ಜೋಳದ ರೊಟ್ಟಿ ಹಾಗಲ್ಲ. ಮುರಿಯಬೇಕು, ಪಲ್ಯ ಹಚ್ಚಬೇಕು, ಅಗಿಯಬೇಕು. ಮೊದಲ ರೊಟ್ಟಿ ಮುಗಿದ ಮೇಲೆ ಒಂದು ನಿಮಿಷ ಕೈ ಬಿಡಿ. ತುತ್ತು ಮೊದಲಿನಷ್ಟೇ ರುಚಿಸುತ್ತಿದೆಯಾ ನೋಡಿ. ನಮ್ಮಜ್ಜಿ ಮೊದಲ ತೇಗು ಬಂದರೆ "ಸಾಕವ್ವ" ಅಂತ ತಟ್ಟೆ ಸರಿಸುತ್ತಿದ್ದರು.

ಎಲ್ಲ ಸುದ್ದಿಯನ್ನೂ ನಾವೇ ಅರ್ಥ ಮಾಡಿಕೊಳ್ಳೋಕೆ ಹೋಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಾಯಿಸಿದಾಗ ಕೈ ನಡುಗಿ ತಣ್ಣನೆ ಬೆವರು ಬಂದರೆ ಅದು ಬರೀ ಹಸಿವಲ್ಲ. ಸಕ್ಕರೆ ಇಳಿದಿರಬಹುದು. ಕೂಡಲೇ ಸಕ್ಕರೆ ನೀರು ಕುಡಿದು ವೈದ್ಯರಿಗೆ ತಿಳಿಸಿ, ಡೋಸ್ ಬದಲಾಯಿಸಬೇಕಾಗಬಹುದು. ಎದೆ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವನ್ನು ಗ್ಯಾಸ್ ಅಂತ ದಯವಿಟ್ಟು ತಳ್ಳಿಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ಬಾಯಾರಿಕೆ ಒಂದು ರಾತ್ರಿಯದ್ದು, ಚಿಂತೆ ಬೇಡ. ಆದರೂ 41 ಆಗಿದೆ, ಒಮ್ಮೆ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಮಾಡಿಸಿ.

ಹೋಳಿಗೆಗೆ ಮಾತ್ರ ಹೆದರಬೇಡಿ. ಮುಂದಿನ ಮದುವೆಯಲ್ಲಿ ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಒಂದನ್ನು ಪೂರ್ತಿ ಸವಿದು ತಿನ್ನಿ. ಎರಡನೆಯದಕ್ಕೆ ಬಡಿಸುವವರು ಬಂದಾಗ ಹೊಟ್ಟೆಯನ್ನೊಮ್ಮೆ ಕೇಳಿ. ಬೇಕು ಅಂದರೆ ಹಾಕಿಸಿಕೊಳ್ಳಿ, ಬಜ್ಜಿ ಬಿಡಿ.